ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲಿ ಡಿಶ್ ಕೂರಿಸುವ ಸಮಗ್ರ ಮಾರ್ಗದರ್ಶಿ: 93.5 ಡಿಗ್ರಿಯ ಜಿಸ್ಯಾಟ್-15 ಹಿಡಿಯುವುದು ಹೇಗೆ

ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಡಿಡಿ ಫ್ರೀ ಡಿಶ್ ತಂದುಕೊಂಡು, ಹಿಂದಿಯ ವಿಡಿಯೊ ನೋಡುತ್ತ ತಾವೇ ಕೂರಿಸಲು ಹೊರಟವರು ನಮ್ಮ ಎರಡು ಜಿಲ್ಲೆಗಳಲ್ಲಿ ಅರ್ಧಕ್ಕೇ ಕೈಬಿಡುತ್ತಾರೆ. ಆ ವಿಡಿಯೊಗಳಲ್ಲಿ ಹೇಳುವ ಕೋನಗಳು ಬಹುಮಟ್ಟಿಗೆ ದೆಹಲಿಯ ಸುತ್ತಮುತ್ತಲಿನವು. ದೆಹಲಿಯಲ್ಲಿ ನಿಂತವರಿಗೆ ಫ್ರೀ ಡಿಶ್ ಚಾನೆಲ್‌ಗಳನ್ನು ಇಳಿಸುವ ಜಿಸ್ಯಾಟ್-15 ಉಪಗ್ರಹ ಉತ್ತರದಿಂದ ಬಲಕ್ಕೆ ಎಣಿಸಿದರೆ ಸುಮಾರು 149 ಡಿಗ್ರಿ ದಿಕ್ಕಿನಲ್ಲಿ, ನೆಲದಿಂದ 52 ಡಿಗ್ರಿ ಎತ್ತರದಲ್ಲಿರುತ್ತದೆ. ಹಾಸನದಲ್ಲಿ ನಿಂತವರಿಗೆ ಅದೇ ಉಪಗ್ರಹ ಸುಮಾರು 126 ಡಿಗ್ರಿ ದಿಕ್ಕಿನಲ್ಲಿ, 64.7 ಡಿಗ್ರಿ ಎತ್ತರದಲ್ಲಿದೆ. ದಿಕ್ಕಿನಲ್ಲೇ ಇಪ್ಪತ್ತಮೂರು ಡಿಗ್ರಿ ತಪ್ಪು. ಒಂದು ಡಿಗ್ರಿಗೂ ಲೆಕ್ಕವಿರುವ ಕೆಲಸದಲ್ಲಿ ಇದು ಬೇರೆ ಊರಿಗೆ ಹೋಗುವ ಬಸ್ಸು ಹತ್ತಿದ ಹಾಗೆ. ಹೀಗಾಗಿ ಈ ಬರಹದಲ್ಲಿ ಹಾಸನ ಮತ್ತು ಚಿಕ್ಕಮಗಳೂರಿಗೆ ಹೊಂದುವ ಅಂಕಿಗಳನ್ನೇ ಕೊಟ್ಟಿದ್ದೇನೆ. ಅವನ್ನು ಹಿಡಿದು ಹೊರಟರೆ, ಕಂಬದ ಕಾಂಕ್ರೀಟ್ ಗಟ್ಟಿಯಾದ ಮೇಲೆ, ಮೀಟರು, ತಂತ್ರಜ್ಞರು ಯಾರೂ ಇಲ್ಲದೆ ಒಂದು ಬೆಳಗಿನಲ್ಲಿ ಕೆಲಸ ಮುಗಿಯುತ್ತದೆ.

ಎತ್ತ ನೋಡಬೇಕು, ಏಕೆ

ಜಿಸ್ಯಾಟ್-15 ಇಸ್ರೊದ ಸಂವಹನ ಉಪಗ್ರಹ. 2015ರ ನವೆಂಬರ್ 11ರ ಬೆಳಗಿನ ಜಾವ ಫ್ರೆಂಚ್ ಗಯಾನಾದ ಕೌರೂವಿನಿಂದ ಏರಿಯಾನ್-5 ರಾಕೆಟ್ ಇದನ್ನು ಹೊತ್ತೊಯ್ದಿತು. ತೂಕ 3,164 ಕಿಲೋಗ್ರಾಂ, ಒಳಗೆ 24 ಕೆಯು ಬ್ಯಾಂಡ್ (ಮನೆಯ ಡಿಶ್‌ಗಳು ಹಿಡಿಯುವ ರೇಡಿಯೊ ಅಲೆಗಳ ಪಟ್ಟಿ) ಟ್ರಾನ್ಸ್‌ಪಾಂಡರ್‌ಗಳು, ಅಂದರೆ ನೆಲದಿಂದ ಬಂದ ಸಿಗ್ನಲನ್ನು ಮರಳಿ ಕೆಳಗೆ ಕಳಿಸುವ ಸಾಧನಗಳು, ವಿನ್ಯಾಸದ ಆಯುಸ್ಸು 12 ವರ್ಷ. ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, 35,786 ಕಿಲೋಮೀಟರ್ ಎತ್ತರದಲ್ಲಿ ಇದರ ಸ್ಥಾನ. ಆ ಎತ್ತರದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಹಿಡಿಯುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗಲೂ ಅಷ್ಟೇ ಹೊತ್ತು. ಸೆಕೆಂಡಿಗೆ ಮೂರು ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೂ ನಮ್ಮ ಕಣ್ಣಿಗೆ ಅದು ಒಂದೇ ಕಡೆ ನಿಂತಂತೆ.

ನಿಂತಂತೆ ಎಂದೆ. ನಿಜಕ್ಕೂ ಅದು ತಾನಾಗಿ ನಿಲ್ಲುವುದಿಲ್ಲ. ಸೂರ್ಯ ಚಂದ್ರರ ಸೆಳೆತ ಅದನ್ನು ಉತ್ತರ ದಕ್ಷಿಣಕ್ಕೆ ಜಗ್ಗುತ್ತದೆ, ಭೂಮಿಯ ಸಮಭಾಜಕ ವೃತ್ತ ಪೂರ್ತಿ ದುಂಡಗಿಲ್ಲದ ಕಾರಣ ಪೂರ್ವ ಪಶ್ಚಿಮಕ್ಕೂ ಸರಿಯುತ್ತದೆ. ಹಾಗೆ ಸರಿದಾಗಲೆಲ್ಲ ಪುಟ್ಟ ರಾಕೆಟ್‌ಗಳನ್ನು ಉರಿಸಿ ಅದನ್ನು ಅದರ ಚೌಕಟ್ಟಿನೊಳಗೆ ಮರಳಿ ತರುವ ಕೆಲಸ ನಡೆಯುವುದು ಹಾಸನದ ಸಾಲಗಾಮೆ ರಸ್ತೆಯ ಎಂಸಿಎಫ್‌ನಲ್ಲಿ, ಅಂದರೆ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ. 1982ರಲ್ಲಿ ಇನ್ಸಾಟ್-1ಎ ಹಾರಿದ ಕಾಲದಿಂದ ಇಸ್ರೊದ ಭೂಸ್ಥಿರ ಉಪಗ್ರಹಗಳ ಹಗ್ಗ ಹಿಡಿದಿರುವ ಊರು ನಮ್ಮದು. ಭೋಪಾಲದ ಎರಡನೆಯ ಕೇಂದ್ರ ಬಂದದ್ದು ಬಹಳ ತಡವಾಗಿ. ಇದನ್ನು ಬರೆಯುವಾಗ ನನಗೆ ಹೆಮ್ಮೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮೇಲಿರುವುದನ್ನು ಕದಲದಂತೆ ಇಡುವ ಕೆಲಸ ಅವರದು. ಕೆಳಗಿರುವ ಡಿಶ್ ಕದಲದಂತೆ ಇಡುವುದಷ್ಟೇ ನಮ್ಮದು. ಈ ಮಾರ್ಗದರ್ಶಿಯ ಅರ್ಧ ಪಾಲು ಆ ಕೆಲಸದ ಬಗೆಗೇ ಇದೆ.

ಈಗ ಅಂಕಿಗಳು. ಒಂದು ಚೀಟಿಯ ಮೇಲೆ ಬರೆದಿಟ್ಟುಕೊಳ್ಳಿ. ಎಲ್‌ಎನ್‌ಬಿ ಎಂದರೆ ಡಿಶ್‌ನ ತೋಳಿನ ತುದಿಯಲ್ಲಿ ಕೂತು ಅಲೆ ಹಿಡಿಯುವ ಪುಟ್ಟ ಸಾಧನ.

ಹಾಸನ: ದಿಕ್ಕು 125.7, ಎತ್ತರ 64.7, ಎಲ್‌ಎನ್‌ಬಿ ತಿರುವು 52.
ಚಿಕ್ಕಮಗಳೂರು: ದಿಕ್ಕು 125.8, ಎತ್ತರ 64.2, ತಿರುವು 52.
ಸಕಲೇಶಪುರ: ದಿಕ್ಕು 125, ಎತ್ತರ 64.4, ತಿರುವು 53.
ಶೃಂಗೇರಿ: ದಿಕ್ಕು 125, ಎತ್ತರ 63.6.
ಅರಸೀಕೆರೆ: ದಿಕ್ಕು 126.6, ಎತ್ತರ 64.6.

ಎಲ್ಲವೂ ಡಿಗ್ರಿಯಲ್ಲಿ, ದಿಕ್ಕು ನಿಜ ಉತ್ತರದಿಂದ, ಅಂದರೆ ನಕಾಶೆಯ ಉತ್ತರದಿಂದ. ಉಳಿದ ಊರುಗಳವರು ಹತ್ತಿರದ ಊರಿನ ಅಂಕಿ ಹಿಡಿದರೆ ಸಾಕು. ಎರಡೂ ಜಿಲ್ಲೆಗಳಲ್ಲಿ ದಿಕ್ಕು 125ರಿಂದ 127ರ ನಡುವೆ, ಎತ್ತರ 63.5ರಿಂದ 65ರ ನಡುವೆಯೇ ಬರುತ್ತದೆ. ಬಾಯಿಮಾತಿನಲ್ಲಿ ಹೇಳುವುದಾದರೆ, ಸರಿಯಾದ ಆಗ್ನೇಯಕ್ಕೆ ಮುಖ ಮಾಡಿ ನಿಂತು ಪೂರ್ವದ ಕಡೆಗೆ ಸ್ವಲ್ಪ, ಒಂಬತ್ತು ಡಿಗ್ರಿಯಷ್ಟು, ಹೊರಳಬೇಕು.

ಡಿಗ್ರಿ ಎಂದರೆ ತಲೆಕೆಡುವವರಿಗೆ ನಕಾಶೆಯ ಉಪಾಯವಿದೆ. ಚಿಕ್ಕಮಗಳೂರು ಪಟ್ಟಣದಿಂದ ಚನ್ನರಾಯಪಟ್ಟಣಕ್ಕೆ ನೇರ ಗೆರೆ ಎಳೆದರೆ ಅದು 124–125 ಡಿಗ್ರಿಯಲ್ಲಿ ಸಾಗುತ್ತದೆ. ಅಂದರೆ ಚಿಕ್ಕಮಗಳೂರಿನವರ ಡಿಶ್ ಹೆಚ್ಚುಕಡಿಮೆ ಚನ್ನರಾಯಪಟ್ಟಣದ ನೆತ್ತಿಯ ಮೇಲಿನ ಆಕಾಶವನ್ನು ನೋಡುತ್ತಿರಬೇಕು. ಹಾಸನದವರು ಕೆ.ಆರ್. ಪೇಟೆಯ ದಿಕ್ಕು ಹಿಡಿದು ಐದಾರು ಡಿಗ್ರಿ ಎಡಕ್ಕೆ ಸರಿದರಾಯಿತು. ಮೊಬೈಲ್ ನಕಾಶೆಯಲ್ಲಿ ನಿಮ್ಮ ಮನೆಯನ್ನು ದೊಡ್ಡದು ಮಾಡಿ, ಈ ಗೆರೆ ಅಂಗಳದ ಯಾವ ಮೂಲೆ, ಯಾವ ಮರ, ಯಾವ ಗೋಡೆಯ ಮೇಲೆ ಹಾದುಹೋಗುತ್ತದೆ ಎಂದು ನೋಡಿಟ್ಟುಕೊಳ್ಳಿ. ದಿಕ್ಸೂಚಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಕಂಬ, ತಗಡು, ನಿಂತ ಜೀಪಿನ ಹತ್ತಿರ ಸುಲಭವಾಗಿ ಹಾದಿ ತಪ್ಪುತ್ತದೆ. ಅದನ್ನೇ ಬಳಸುವುದಾದರೆ ಕಂಬದಿಂದ ನಾಲ್ಕಾರು ಹೆಜ್ಜೆ ದೂರ ನಿಂತು, ದೂರದ ಒಂದು ಗುರುತು ನೋಡಿಟ್ಟುಕೊಂಡು, ಆಮೇಲೆ ಕಂಬದ ಬಳಿಗೆ ಬನ್ನಿ.

ಜಾಗ ಗೊತ್ತುಮಾಡುವುದು

ಮಲೆನಾಡಿನಲ್ಲಿ ಡಿಶ್‌ನ ಮೊದಲ ಶತ್ರು ಮರ. ಬೆಟ್ಟಕ್ಕೆ ಹೆದರಬೇಕಾಗಿಲ್ಲ, 64 ಡಿಗ್ರಿ ಎಂದರೆ ನೆತ್ತಿಗೆ ಹತ್ತಿರ, ಆ ಎತ್ತರವನ್ನು ಅಡ್ಡಗಟ್ಟುವ ಗುಡ್ಡ ಮನೆಯ ಹಿಂದೆಯೇ ಗೋಡೆಯ ಹಾಗೆ ಎದ್ದಿರಬೇಕು. ಆದರೆ ಕಾಫಿ ತೋಟದ ಸಿಲ್ವರ್ ಮರ, ಅತ್ತಿ, ಹಲಸು ಹಾಗಲ್ಲ. ಎಲೆಯಲ್ಲಿ ನೀರಿದೆ, ಕೆಯು ಬ್ಯಾಂಡಿನ ಅಲೆಗಳನ್ನು ನೀರು ನುಂಗುತ್ತದೆ. ಒಂದು ತುಂಬು ಕೊಂಬೆ ಅಡ್ಡ ಬಂದರೆ ಸಾಕು, ಚಿತ್ರ ಹೋಗುತ್ತದೆ.

ಲೆಕ್ಕ ಸುಲಭ. ಮರದ ತುದಿ ಡಿಶ್‌ಗಿಂತ ಎಷ್ಟು ಎತ್ತರದಲ್ಲಿದೆಯೋ ಅದರ ಅರ್ಧದಷ್ಟು ದೂರವನ್ನಾದರೂ ಡಿಶ್ ಬಿಟ್ಟಿರಬೇಕು. ಆಗ್ನೇಯಕ್ಕೆ ಇಪ್ಪತ್ತು ಮೀಟರ್ ಎತ್ತರದ ಸಿಲ್ವರ್ ಮರವಿದ್ದರೆ ಕೊಂಬೆಯ ಹೊರ ಅಂಚಿನಿಂದ ಹತ್ತು ಮೀಟರ್. ಮರ ಬೆಳೆಯುತ್ತದೆ ಎನ್ನುವುದನ್ನೂ ಸೇರಿಸಿಕೊಳ್ಳಿ. ಕೊಂಬೆ ಸವರಿದ ತಿಂಗಳಲ್ಲಿ ಚೆನ್ನಾಗಿ ಬಂದ ಚಾನೆಲ್‌ಗಳು ಎರಡು ಮಳೆಗಾಲ ಕಳೆದ ಮೇಲೆ ಮಾಯವಾದರೆ ಬಾಕ್ಸನ್ನು ದೂರುವ ಮೊದಲು ಚಿಗುರನ್ನು ನೋಡಬೇಕು.

ತೋಟದ ಮನೆಗಳವರಿಗೆ ನನ್ನ ಸಲಹೆ ಕಾಫಿ ಕಣದ ಅಂಚು. ಕಾಫಿ ಒಣಗಲೆಂದೇ ಆಕಾಶ ತೆರೆದಿಟ್ಟ ಜಾಗ ಅದು; ಅಲ್ಲಿ ಬಿಸಿಲು ಬೀಳುವಲ್ಲಿ ಉಪಗ್ರಹವೂ ಕಾಣುವ ಸಾಧ್ಯತೆ ಹೆಚ್ಚು. ಹೆಂಚಿನ ಮಾಡಿನ ಮೇಲೆ ಮಾತ್ರ ಹತ್ತಬೇಡಿ. ಪಾಚಿ ಕಟ್ಟಿದ ಮಂಗಳೂರು ಹೆಂಚು ಜಾರುತ್ತದೆ, ಒಡೆಯುತ್ತದೆ, ಡಿಶ್ ಸರಿಮಾಡಲು ಪ್ರತಿ ಬಾರಿ ಅಲ್ಲಿಗೇ ಹತ್ತಬೇಕಾಗುತ್ತದೆ. ನೆಲದಲ್ಲಿ ಆಳೆತ್ತರದ ಕಂಬ ನೆಟ್ಟರೆ ನಿಂತಲ್ಲೇ ಕೈಗೆ ಎಟಕುತ್ತದೆ. ವಿದ್ಯುತ್ ತಂತಿ ಹಾದುಹೋಗುವ ಜಾಗವಾದರೆ ಅದನ್ನು ಪೂರ್ತಿ ಬಿಟ್ಟುಬಿಡಿ.

ಸೂರ್ಯನೇ ಜಾಗ ತೋರಿಸುವ ದಿನಗಳು

ವರ್ಷದಲ್ಲಿ ಎರಡು ಸಲ ಸೂರ್ಯ ಇಲ್ಲಿಂದ ನೋಡುವವರಿಗೆ ಜಿಸ್ಯಾಟ್-15ರ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ. ನಮ್ಮ ಅಕ್ಷಾಂಶಕ್ಕೆ ಅದು ಮಾರ್ಚ್ 14–15ರ ಆಸುಪಾಸು ಮತ್ತು ಸೆಪ್ಟೆಂಬರ್ 28–29ರ ಆಸುಪಾಸು. ಹೊತ್ತು, ಮಾರ್ಚಿನಲ್ಲಿ ಬೆಳಿಗ್ಗೆ ಸುಮಾರು 11 ಗಂಟೆ 10 ನಿಮಿಷ, ಸೆಪ್ಟೆಂಬರಿನಲ್ಲಿ ಸುಮಾರು 10 ಗಂಟೆ 55 ನಿಮಿಷ. ಆ ದಿನ ಆ ಹೊತ್ತಿಗೆ ಅಂಗಳದಲ್ಲಿ ಎಲ್ಲಿ ಬಿಸಿಲು ನೇರವಾಗಿ ಬೀಳುತ್ತದೋ ಅಲ್ಲಿ ಡಿಶ್ ಕೂರಬಹುದು. ಎಲ್ಲಿ ಮರದ ನೆರಳಿದೆಯೋ ಅಲ್ಲಿ ಕೂಡದು. ಯಾವ ಉಪಕರಣವೂ ಇಷ್ಟು ನಿಚ್ಚಳವಾಗಿ ಹೇಳಲಾರದು. ಆ ನಾಲ್ಕು ನಿಮಿಷ ಅಂಗಳದಲ್ಲಿ ನೆರಳಿಲ್ಲದ ಕಡೆಗಳಿಗೆ ಸುಣ್ಣದ ಗುರುತು ಹಾಕಿಬಿಡಿ, ಡಿಶ್ ಮುಂದೆ ಯಾವಾಗ ಬೇಕಾದರೂ ತರಬಹುದು.

ಈಗಾಗಲೇ ಡಿಶ್ ಇರುವವರಿಗೂ ಆ ದಿನಗಳು ಪರೀಕ್ಷೆಯ ದಿನಗಳೇ. ಸರಿಯಾಗಿ ತಿರುಗಿಸಿದ ಡಿಶ್‌ನಲ್ಲಿ ಆ ಹೊತ್ತಿಗೆ ಎಲ್‌ಎನ್‌ಬಿಯ ನೆರಳು ಡಿಶ್‌ನ ಅಗಲದ ನಡುಗೆರೆಯ ಮೇಲೆ, ಕೆಳ ಅಂಚಿನ ಕಡೆಗೆ ಬೀಳುತ್ತದೆ. ನಡುಗೆರೆಯಿಂದ ಎಡಕ್ಕೋ ಬಲಕ್ಕೋ ಸರಿದಿದ್ದರೆ ದಿಕ್ಕು ಅಷ್ಟು ತಪ್ಪಿದೆ. ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಕೆದರಿ ಹೋಗುವುದೂ ಉಂಟು, ಮುಂದಿನ ಹಿಂದಿನ ಕೆಲವು ದಿನ ಕೂಡ. ಸೂರ್ಯನ ರೇಡಿಯೊ ಗದ್ದಲ ಉಪಗ್ರಹದ ಸಣ್ಣ ದನಿಯನ್ನು ಮುಳುಗಿಸಿದ್ದು ಅದು. ಏನನ್ನೂ ಮುಟ್ಟಬೇಡಿ, ತಾನೇ ಸರಿಹೋಗುತ್ತದೆ. ಆ ಗಳಿಗೆಯಲ್ಲಿ ಡಿಶ್ ಎತ್ತ ನೋಡುತ್ತಿದೆ ಎಂದು ತಿಳಿಯಲು ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡುವುದು ಬೇಡ. ನೆಲದ ನೆರಳು ಎಲ್ಲವನ್ನೂ ಹೇಳುತ್ತದೆ.

ಸಾಮಾನು

60 ಸೆಂಟಿಮೀಟರ್ ಡಿಶ್ ಬಯಲುಸೀಮೆಯ ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಕಡೆ ಸಾಕು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆಯವರು 90 ಸೆಂಟಿಮೀಟರಿನದನ್ನು ತನ್ನಿ ಎಂದು ಒತ್ತಿ ಹೇಳುತ್ತೇನೆ. ಅದರ ಹರಹು ಚಿಕ್ಕದರ ಎರಡೂಕಾಲು ಪಟ್ಟು, ಹಿಡಿಯುವ ಅಲೆಯೂ ಅಷ್ಟೇ ಪಟ್ಟು. ಬೇಸಗೆಯಲ್ಲಿ ಎರಡರ ಚಿತ್ರವೂ ಒಂದೇ ಆಗಿ ಕಾಣುತ್ತದೆ. ವ್ಯತ್ಯಾಸ ಗೊತ್ತಾಗುವುದು ಜುಲೈ ತಿಂಗಳಲ್ಲಿ.

ಉಳಿದಂತೆ ಕೆಯು ಬ್ಯಾಂಡ್ ಎಲ್‌ಎನ್‌ಬಿ, ಫ್ರೀ ಡಿಶ್ ಬಾಕ್ಸ್, ಆರ್‌ಜಿ-6 ಕೇಬಲ್, ಎರಡು ಎಫ್ ಕನೆಕ್ಟರ್, ಒಂದೂವರೆ ಇಂಚಿನ ಕಬ್ಬಿಣದ ಪೈಪ್, ಸ್ಪ್ಯಾನರ್, ದಾರಕ್ಕೆ ಕಟ್ಟಿದ ಕಲ್ಲು, ಮಾರ್ಕರ್ ಪೆನ್. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಇರುವುದನ್ನೇ ಕೇಳಿ; ಎಂಪೆಗ್-2 ಮಾತ್ರ ಇರುವ ಹಳೆಯ ಬಾಕ್ಸಿಗೆ ಚಾನೆಲ್‌ಗಳ ಒಂದು ಪಾಲು ಸಿಗುವುದೇ ಇಲ್ಲ. ತಿಂಗಳ ಬಾಡಿಗೆ ಯಾವುದಕ್ಕೂ ಇಲ್ಲ.

ಕಂಬ

ಇಲ್ಲಿ ಅವಸರ ಮಾಡಿದವರು ಉಳಿದ ಎಲ್ಲ ಹಂತಗಳಲ್ಲೂ ಅನುಭವಿಸುತ್ತಾರೆ. ಕಂಬ ನೆಟ್ಟಗೆ ನಿಂತಿರಬೇಕು ಎಂದರೆ ಕಣ್ಣಿಗೆ ನೆಟ್ಟಗೆ ಕಂಡರೆ ಸಾಲದು. ಒಂದು ಮೀಟರ್ ಉದ್ದಕ್ಕೆ 17 ಮಿಲಿಮೀಟರ್ ಓರೆಯಾದರೆ ಅದೇ ಒಂದು ಡಿಗ್ರಿ. ಓರೆ ಕಂಬದ ಮೇಲೆ ಡಿಶ್ಶನ್ನು ಎಡಬಲ ತಿರುಗಿಸಿದರೆ ಅದರ ಎತ್ತರವೂ ಜೊತೆಗೇ ಏರಿಳಿಯುತ್ತದೆ, ನೀವು ಒಂದನ್ನು ಹುಡುಕುತ್ತಿರುವಾಗ ಇನ್ನೊಂದು ಕೈತಪ್ಪುತ್ತದೆ. ಗಂಟೆಗಟ್ಟಲೆ ಹುಡುಕಿದರೂ ಸಿಗಲಿಲ್ಲ ಎನ್ನುವ ಅನೇಕರ ಕಂಬವನ್ನು ಅಳೆದರೆ ಕಾರಣ ಅಲ್ಲೇ ಸಿಗುತ್ತದೆ.

ಎರಡು ಅಡಿ ಗುಂಡಿ ತೋಡಿ, ಪೈಪಿನ ಬುಡಕ್ಕೆ ಅಡ್ಡ ಕಬ್ಬಿಣದ ತುಂಡೊಂದನ್ನು ಬೆಸುಗೆ ಹಾಕಿಸಿ ಇಳಿಸಿ. ಇಲ್ಲದಿದ್ದರೆ ಗಾಳಿಗೆ ಕಂಬ ಕಾಂಕ್ರೀಟಿನೊಳಗೇ ತಿರುಗಬಹುದು. ಕಾಂಕ್ರೀಟ್ ಸುರಿದು, ಗಟ್ಟಿಯಾಗುವ ಮೊದಲು ದಾರದ ಕಲ್ಲನ್ನು ಪೈಪಿನ ಪಕ್ಕದಲ್ಲಿ ತೂಗುಬಿಡಿ. ಒಮ್ಮೆ ಪೂರ್ವದಿಂದ, ಒಮ್ಮೆ ದಕ್ಷಿಣದಿಂದ ನೋಡಿ. ಎರಡೂ ಕಡೆಯಿಂದ ದಾರವೂ ಪೈಪೂ ಸಮಾನಾಂತರವಾಗಿರಬೇಕು. ಕಂಬವನ್ನು ಊರುಗೋಲುಗಳಿಂದ ಕಟ್ಟಿ ಎರಡು ದಿನ ಬಿಡಿ. ತಾರಸಿಯ ಮೇಲಾದರೆ ನಾಲ್ಕು ಬೋಲ್ಟಿನ ತಳ, ಅಡಿಯಲ್ಲಿ ತೆಳು ತಗಡಿನ ತುಂಡು ಕೊಟ್ಟು ಮಟ್ಟ ಮಾಡಬಹುದು. ಬೋಲ್ಟಿನ ತೂತುಗಳಿಂದ ನೀರು ಇಳಿಯದಂತೆ ಮುಚ್ಚುವುದನ್ನು ಮರೆಯಬೇಡಿ.

ಡಿಶ್ ಜೋಡಣೆ ಮತ್ತು ಎತ್ತರದ ಕೋನ

ನಮ್ಮ ಮನೆಗಳ ಡಿಶ್ ಮುಖ ನೋಡಿದ ಕಡೆಗೇ ನೋಡುವುದಿಲ್ಲ. ಅದು ದೊಡ್ಡ ಬಟ್ಟಲಿನ ಒಂದು ಪಾರ್ಶ್ವದ ತುಂಡು. ಮೇಲಿನಿಂದ ಬಂದ ಅಲೆಯನ್ನು ಕೆಳಗಿರುವ ಎಲ್‌ಎನ್‌ಬಿಗೆ ಓರೆಯಾಗಿ ತಿರುಗಿಸುತ್ತದೆ. ಹೀಗಾಗಿ ಡಿಶ್ 40 ಡಿಗ್ರಿ ಮೇಲೆ ನೋಡುತ್ತಿರುವಂತೆ ಕಂಡರೂ ಅದರ ನಿಜವಾದ ದೃಷ್ಟಿ 64ರ ಕಡೆ ಇರಬಹುದು. ಇದು ಗೊತ್ತಿಲ್ಲದವರು ಡಿಶ್ಶನ್ನು ಆಕಾಶಕ್ಕೆ ಅಂಗಾತ ಮಲಗಿಸಿಬಿಡುತ್ತಾರೆ.

ಆ ಓರೆ ಎಷ್ಟು ಎಂದು ಅಳತೆಪಟ್ಟಿಯಿಂದಲೇ ತಿಳಿಯಬಹುದು. ಡಿಶ್‌ನ ಅಗಲವನ್ನು ಅದರ ಉದ್ದನೆಯ ಎತ್ತರದಿಂದ ಭಾಗಿಸಿ, ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಆ ಭಾಗಲಬ್ಧದ ವಿಲೋಮ ಕೊಸೈನ್ (cos⁻¹ ಗುಂಡಿ) ನೋಡಿ. 60 ಅಗಲ, 66 ಎತ್ತರವಿದ್ದರೆ ಸುಮಾರು 25 ಡಿಗ್ರಿ ಬರುತ್ತದೆ. ಹಾಸನದ 64.7ರಿಂದ ಅದನ್ನು ಕಳೆದರೆ 40. ಅಂದರೆ ಡಿಶ್‌ನ ಮುಖ ಲಂಬದಿಂದ 40 ಡಿಗ್ರಿ ಹಿಂದಕ್ಕೆ ವಾಲಬೇಕು. ಮೇಲಂಚಿನಿಂದ ಕೆಳ ಅಂಚಿಗೆ ಒಂದು ನೇರ ಪಟ್ಟಿ ಇಟ್ಟು, ಅದರ ಮೇಲೆ ಮೊಬೈಲ್ ಇಟ್ಟು, ಕೋನ ತೋರಿಸುವ ಆ್ಯಪ್ ತೆರೆದರೆ ನೆಲದಿಂದ 50 ಡಿಗ್ರಿ ತೋರಿಸಬೇಕು. ಚೌಕಟ್ಟಿನ ಹಿಂಬದಿಯಲ್ಲಿ ಅಚ್ಚುಹಾಕಿದ ಡಿಗ್ರಿ ಪಟ್ಟಿ ಇದ್ದರೆ ಅದರಲ್ಲಿ ಈ ಕಳೆಯುವ ಲೆಕ್ಕ ಸಾಮಾನ್ಯವಾಗಿ ಆಗಿಯೇ ಇರುತ್ತದೆ, ನೇರವಾಗಿ 64ಕ್ಕೆ ಇಡಬಹುದು. ಎರಡೂ ದಾರಿಯಲ್ಲಿ ನೋಡಿ, ತಾಳೆಯಾದರೆ ನೆಮ್ಮದಿ. ಎತ್ತರದ ಬೋಲ್ಟುಗಳನ್ನು ಡಿಶ್ ಜಾರದಷ್ಟು, ಒತ್ತಿದರೆ ಸರಿಯುವಷ್ಟು ಬಿಗಿ ಮಾಡಿ.

ಎಲ್‌ಎನ್‌ಬಿಯ ತಿರುವು

ವಿಡಿಯೊಗಳು ಹೆಚ್ಚು ದಾರಿ ತಪ್ಪಿಸುವುದು ಇಲ್ಲಿ. ಉಪಗ್ರಹದ ಅಲೆಗಳು ನೆಟ್ಟಗೋ ಅಡ್ಡಡ್ಡಲೋ ಕಂಪಿಸುತ್ತ ಬರುತ್ತವೆ, ಎಲ್‌ಎನ್‌ಬಿಯ ಒಳಗಿನ ಪುಟ್ಟ ಕಡ್ಡಿಗಳು ಅದೇ ಕೋನದಲ್ಲಿ ಇದ್ದರೆ ಮಾತ್ರ ಪೂರ್ತಿ ಹಿಡಿಯುತ್ತವೆ. ಉಪಗ್ರಹ ನಮ್ಮ ನೇರ ದಕ್ಷಿಣದಲ್ಲಿದ್ದರೆ ತಿರುಗಿಸುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ನಾವು ಸಮಭಾಜಕಕ್ಕೆ ಹತ್ತಿರ, ಉಪಗ್ರಹವೋ ನಮಗಿಂತ ಹದಿನೇಳೂವರೆ ಡಿಗ್ರಿ ಪೂರ್ವಕ್ಕೆ. ಹೀಗಾಗಿ ಆ ನೆಟ್ಟನೆಯ ಗೆರೆ ನಮಗೆ 52 ಡಿಗ್ರಿ ವಾಲಿ ಕಾಣುತ್ತದೆ. ದೆಹಲಿಯವರಿಗೆ ಅದು ಸುಮಾರು 27 ಮಾತ್ರ. ಅಲ್ಲಿನ ತಿರುವನ್ನು ಇಲ್ಲಿ ನಕಲು ಮಾಡಿದರೆ ಸಿಗ್ನಲ್ ಬಂದರೂ ಬಡಕಲಾಗಿಯೇ ಉಳಿಯುತ್ತದೆ.

ಡಿಶ್‌ನ ಹಿಂದೆ ನಿಂತು ಉಪಗ್ರಹದತ್ತ ಮುಖ ಮಾಡಿದವರ ಲೆಕ್ಕದಲ್ಲಿ ಎಲ್‌ಎನ್‌ಬಿಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಡಿಶ್‌ನ ಮುಂದೆ ನಿಂತು ಅದನ್ನೇ ನೋಡುವವರಿಗೆ ಗಡಿಯಾರದ ಮುಳ್ಳಿನಂತೆ. ಎಲ್‌ಎನ್‌ಬಿಯ ಕುತ್ತಿಗೆಯ ಮೇಲಿನ ಸೊನ್ನೆಯಿಂದ 50ರ ಆಸುಪಾಸಿಗೆ ತಂದು ಸಡಿಲವಾಗಿ ಬಿಡಿ. ಇದು ಆರಂಭದ ಸ್ಥಾನ ಮಾತ್ರ. ಕೊನೆಯ ತೀರ್ಮಾನ ಟಿವಿಯ ಪರದೆಯ ಮೇಲಿನ ಅಂಕಿಯದು.

ಕೇಬಲ್, ಬಾಕ್ಸ್

ಕೇಬಲಿನ ತುದಿ ಸುಲಿಯುವಾಗ ಹೊರಗಿನ ಹೆಣೆದ ತಂತಿಯ ಒಂದೇ ಒಂದು ಎಳೆ ನಡುವಿನ ತಾಮ್ರವನ್ನು ಮುಟ್ಟಿದರೂ ಬಾಕ್ಸ್ ಕಳಿಸುವ ವಿದ್ಯುತ್ತು ಅಲ್ಲೇ ಶಾರ್ಟ್ ಆಗಿ ಎಲ್‌ಎನ್‌ಬಿಗೆ ತಲಪುವುದಿಲ್ಲ. ಬೆಳಕಿನಲ್ಲಿ ಹಿಡಿದು ನೋಡಿ. ನಡುತಂತಿ ಕನೆಕ್ಟರಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗಿದ್ದರೆ ಸಾಕು. ಕನೆಕ್ಟರ್ ಸಿಕ್ಕಿಸುವಾಗ ಬಾಕ್ಸಿನ ಪ್ಲಗ್ ತೆಗೆದಿರಲಿ. ಎಲ್‌ಎನ್‌ಬಿಯ ಕೆಳಗೆ ಕೇಬಲನ್ನು ಒಂದು ಸುತ್ತು ಇಳಿಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಿರಿ, ಮಳೆನೀರು ಆ ಸುತ್ತಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಕೂಡಿಕೆಯ ಮೇಲೆ ರಬ್ಬರ್ ಟೇಪ್ ಸುತ್ತಿ. ಮೂವತ್ತು ಮೀಟರಿನವರೆಗೆ ಕೇಬಲ್ ತೊಂದರೆ ಕೊಡುವುದಿಲ್ಲ. ನಡುವೆ ಜೋಡಣೆ ಮಾತ್ರ ಬೇಡ.

ಬಾಕ್ಸಿನ ಮೆನುವಿನಲ್ಲಿ ಜಿಸ್ಯಾಟ್-15 ಅಥವಾ 93.5 ಡಿಗ್ರಿ ಎಂಬ ಹೆಸರು ಮೊದಲೇ ಇರುತ್ತದೆ. ಎಲ್‌ಎನ್‌ಬಿ ಆವರ್ತನ (ಫ್ರೀಕ್ವೆನ್ಸಿ) 9750 ಅಥವಾ ಯೂನಿವರ್ಸಲ್ ಎಂದು ಇಡಿ. ಹುಡುಕಾಟಕ್ಕೆ 11090 ಮೆಗಾಹರ್ಟ್ಸ್, ಸಿಂಬಲ್ ರೇಟ್ 29500 ಇರುವ ಟ್ರಾನ್ಸ್‌ಪಾಂಡರನ್ನು ಆರಿಸಿಕೊಳ್ಳಿ. 11090ರಿಂದ 9750 ಕಳೆದು ಉಳಿಯುವ 1340 ಮೆಗಾಹರ್ಟ್ಸ್ ನಿಮ್ಮ ಕೇಬಲಿನಲ್ಲಿ ಇಳಿದು ಬರುತ್ತದೆ. 9750 ಎನ್ನುವುದು ತಪ್ಪಾಗಿದ್ದರೆ ಡಿಶ್ ಎಷ್ಟು ಸರಿಯಾಗಿದ್ದರೂ ಏನೂ ಸಿಗದು.

ಹುಡುಕಾಟ

ಟಿವಿಯನ್ನೇ ಅಂಗಳಕ್ಕೆ ತರಲಾದರೆ ತನ್ನಿ. ಇಲ್ಲವಾದರೆ ಒಳಗೆ ಒಬ್ಬರು ಕುಳಿತು ಫೋನಿನಲ್ಲಿ ಅಂಕಿ ಓದುತ್ತಿರಲಿ. ಅವರಿಗೆ ಮೊದಲೇ ಒಂದು ಮಾತು ಹೇಳಿಡಿ: ಪರದೆಯ ಮೇಲೆ ಎರಡು ಪಟ್ಟಿಗಳಿರುತ್ತವೆ, ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಓದಬೇಕಾದದ್ದು ಕ್ವಾಲಿಟಿ ಮಾತ್ರ. ಸ್ಟ್ರೆಂತ್ ಪಟ್ಟಿ ಡಿಶ್ ಬರಿ ಆಕಾಶವನ್ನು ನೋಡುತ್ತಿದ್ದರೂ ಅರ್ಧಕ್ಕೆ ಏರಿರುತ್ತದೆ, ಏಕೆಂದರೆ ಎಲ್‌ಎನ್‌ಬಿಯ ಸ್ವಂತ ಗದ್ದಲವನ್ನೂ ಅದು ಅಳೆಯುತ್ತದೆ. ಕೇಬಲ್ ಸರಿಯಿದೆ, ಎಲ್‌ಎನ್‌ಬಿಗೆ ವಿದ್ಯುತ್ ಹೋಗುತ್ತಿದೆ ಎನ್ನುವುದಕ್ಕಷ್ಟೇ ಅದು ಸಾಕ್ಷಿ.

ಡಿಶ್ಶನ್ನು 110 ಡಿಗ್ರಿಯ ಕಡೆಯಿಂದ ಶುರು ಮಾಡಿ ಬಲಕ್ಕೆ, ದಕ್ಷಿಣದ ಕಡೆಗೆ, ಬಹಳ ನಿಧಾನವಾಗಿ ತಿರುಗಿಸಿ. ಎಷ್ಟು ನಿಧಾನ? ಒಂದೂವರೆ ಇಂಚಿನ ಪೈಪಿನ ಮೈಮೇಲೆ ಒಂದು ಡಿಗ್ರಿ ಎಂದರೆ ಅರ್ಧ ಮಿಲಿಮೀಟರಿಗೂ ಕಡಿಮೆ. ಡಿಶ್‌ನ ಅಂಚಿನಲ್ಲಿ ನೋಡಿದರೆ ಐದು ಮಿಲಿಮೀಟರ್. 60 ಸೆಂಟಿಮೀಟರ್ ಡಿಶ್ ಒಂದು ಬಾರಿಗೆ ನೋಡುವ ಆಕಾಶದ ಅಗಲ ಸುಮಾರು ಮೂರು ಡಿಗ್ರಿ ಮಾತ್ರ. ಆದ್ದರಿಂದ ಅಂಚು ಹಿಡಿದು ಐದು ಮಿಲಿಮೀಟರ್ ಸರಿಸಿ, ಮೂರು ನಾಲ್ಕು ಸೆಕೆಂಡ್ ಕಾಯಿರಿ. ಬಾಕ್ಸ್ ಅಂಕಿ ತೋರಿಸಲು ಅಷ್ಟು ಹೊತ್ತು ಬೇಕು. ಕಾಯದೆ ತಿರುಗಿಸಿದರೆ ಉಪಗ್ರಹ ದಾಟಿಹೋದ ಮೇಲೆ ಅಂಕಿ ಏರುತ್ತದೆ, ಆಗ ಎಲ್ಲಿ ಸಿಕ್ಕಿತು ಎಂದು ತಿಳಿಯುವುದಿಲ್ಲ.

ಒಂದು ಸುತ್ತು ಪೂರ್ತಿಯಾದರೂ ಕ್ವಾಲಿಟಿ ಕದಲದಿದ್ದರೆ ಎತ್ತರವನ್ನು ಎರಡು ಡಿಗ್ರಿ ಏರಿಸಿ ಮತ್ತೆ ಅದೇ ಸುತ್ತು. ಆಮೇಲೆ ಎರಡು ಡಿಗ್ರಿ ಇಳಿಸಿ ಒಂದು. ಕಂಬ ನೆಟ್ಟಗಿದ್ದರೆ ಈ ಮೂರು ಸುತ್ತಿನಲ್ಲಿ ಸಿಗಲೇಬೇಕು.

ಕ್ವಾಲಿಟಿ ಬಂದೊಡನೆ ಹಿಗ್ಗಬೇಡಿ. ನೆರೆಮನೆಯವರಿದ್ದಾರೆ: 91.5 ಡಿಗ್ರಿಯಲ್ಲಿ ಮೆಸ್ಯಾಟ್ ಉಪಗ್ರಹಗಳು, 95 ಡಿಗ್ರಿಯಲ್ಲಿ ಎಸ್‌ಇಎಸ್-8. ಹಾಸನದಿಂದ ನೋಡಿದರೆ ಎಸ್‌ಇಎಸ್-8 ನಮ್ಮ ಉಪಗ್ರಹಕ್ಕಿಂತ ಎರಡೂವರೆ ಡಿಗ್ರಿ ಎಡಕ್ಕೆ, ಸ್ವಲ್ಪ ಕೆಳಗೆ. ಹಾಗಾಗಿ ಒಂದು ಸ್ಕ್ಯಾನ್ ಮಾಡಿ ನೋಡಿ. ಡಿಡಿ ಚಂದನ ಬಂದರೆ ಸರಿಯಾದ ಮನೆಗೇ ಬಂದಿದ್ದೀರಿ. ಬೀಗ ಹಾಕಿದ ಅಪರಿಚಿತ ಚಾನೆಲ್‌ಗಳೇ ಬಂದರೆ ಪಕ್ಕದ್ದನ್ನು ಹಿಡಿದಿದ್ದೀರಿ, ಸ್ವಲ್ಪ ಸರಿಯಿರಿ.

ಈಗ ನಡುವನ್ನು ಹುಡುಕುವುದು. ಹೆಚ್ಚಿನವರು ಅತಿ ದೊಡ್ಡ ಅಂಕಿ ಕಂಡಲ್ಲಿ ನಿಲ್ಲಿಸುತ್ತಾರೆ, ಆದರೆ ಬಾಕ್ಸಿನ ಅಂಕಿ ಒಂದೆರಡು ಡಿಗ್ರಿಯವರೆಗೆ ಹೆಚ್ಚೂ ಕಡಿಮೆ ಒಂದೇ ಆಗಿ ನಿಲ್ಲುವುದರಿಂದ ಅದು ಮೋಸ ಮಾಡುತ್ತದೆ. ಡಿಶ್ಶನ್ನು ಎಡಕ್ಕೆ ತಿರುಗಿಸುತ್ತ ಹೋಗಿ ಚಿತ್ರ ಒಡೆಯುವ ಜಾಗದಲ್ಲಿ ಪೈಪಿನ ಮೇಲೆ ಸಣ್ಣ ಗೆರೆ ಎಳೆಯಿರಿ. ಬಲಕ್ಕೆ ಹೋಗಿ ಚಿತ್ರ ಒಡೆಯುವಲ್ಲಿ ಇನ್ನೊಂದು. ಎರಡರ ಸರಿ ನಡುವೆ ಡಿಶ್ ನಿಲ್ಲಿಸಿ. ಎತ್ತರಕ್ಕೂ ಹೀಗೆಯೇ. ಕೊನೆಯಲ್ಲಿ ಎಲ್‌ಎನ್‌ಬಿಯ ತಿರುವಿಗೂ ಹೀಗೆಯೇ, ಕುತ್ತಿಗೆಯ ಮೇಲೆ ಎರಡು ಗೆರೆ, ನಡುವೆ ನಿಲುಗಡೆ. ಇಲ್ಲಿಂದ ಉಪಗ್ರಹಕ್ಕೆ 36,300 ಕಿಲೋಮೀಟರ್. ನೀವು ಒಂದು ಡಿಗ್ರಿ ತಪ್ಪಿದರೆ ಅಲ್ಲಿ 630 ಕಿಲೋಮೀಟರ್ ಪಕ್ಕದ ಶೂನ್ಯವನ್ನು ನೋಡುತ್ತಿರುತ್ತೀರಿ. ಬಿಸಿಲಿನ ದಿನ ಆ ತಪ್ಪು ಕಾಣುವುದಿಲ್ಲ, ಚಿತ್ರ ಬರುತ್ತಲೇ ಇರುತ್ತದೆ. ಆರ್ದ್ರಾ ಮಳೆ ಹಿಡಿದ ದಿನ ನಡುವಿನಲ್ಲಿ ನಿಂತ ಡಿಶ್ ಉಳಿಯುತ್ತದೆ, ಅಂಚಿನಲ್ಲಿ ನಿಂತದ್ದು ಹೋಗುತ್ತದೆ.

ಬೋಲ್ಟ್ ಬಿಗಿಮಾಡುವಾಗ ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಆ ಕಡೆಗೆ ಸೆಳೆಯುತ್ತದೆ. ಎದುರುಬದುರಿನವನ್ನು ಸರದಿಯಲ್ಲಿ ಕಾಲು ಸುತ್ತಿನಂತೆ ಬಿಗಿಯಿರಿ, ಪ್ರತಿ ಸಲ ಒಳಗಿನಿಂದ ಅಂಕಿ ಕೇಳಿಕೊಳ್ಳಿ.

ಮಳೆ, ಸಿಡಿಲು, ಕೋತಿ

ಜೋರುಮಳೆಯಲ್ಲಿ ಚಿತ್ರ ನಿಂತು ಮಳೆ ಇಳಿದೊಡನೆ ಮರಳಿದರೆ ಅದು ಸಹಜ, ಡಿಶ್ ಮುಟ್ಟಬೇಡಿ. ಮಳೆಯ ನಡುವೆ ತಿರುಗಿಸಲು ಹೋದವರು ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಬರದಿದ್ದರೆ ಕನೆಕ್ಟರಿನೊಳಗೆ ನೀರು ಇಳಿದಿದೆ. ಬಿಚ್ಚಿ ನೋಡಿ, ತಾಮ್ರ ಹಸಿರುಗಟ್ಟಿದ್ದರೆ ಒಂದಿಂಚು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ.

ಸಿಡಿಲಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ನಮ್ಮಲ್ಲಿ ಮುಂಗಾರಿಗಿಂತ ಹೆಚ್ಚು ಸಿಡಿಲು ತರುತ್ತದೆ. ಕಂಬದ ಬುಡದಿಂದ ದಪ್ಪ ತಾಮ್ರದ ತಂತಿಯನ್ನು ಪ್ರತ್ಯೇಕ ಅರ್ಥಿಂಗ್ ಕಡ್ಡಿಗೆ ಕಟ್ಟಿ. ಮೋಡ ಕಪ್ಪಾದೊಡನೆ ಬಾಕ್ಸಿನ ಪ್ಲಗ್ ತೆಗೆಯುವುದು ಸಾಲದು, ಕೇಬಲನ್ನೂ ಬಾಕ್ಸಿನಿಂದ ಬಿಚ್ಚಿ ಗೋಡೆಯಿಂದ ದೂರ ಇಡಿ. ಗುಡುಗು ತಲೆಯ ಮೇಲೆ ಬಂದ ನಂತರ ಅದನ್ನು ಮುಟ್ಟಲು ಹೋಗಬೇಡಿ, ಬಾಕ್ಸ್ ಹೋದರೆ ಹೋಗಲಿ.

ಕೋತಿಗಳ ಊರಾದರೆ ಎಲ್‌ಎನ್‌ಬಿಯ ತೋಳು ಅವಕ್ಕೆ ಜೋಕಾಲಿ. ಕಂಬದ ನಡುವಿಗೆ ನುಣುಪಾದ ತಗಡನ್ನು ಎರಡಡಿ ಉದ್ದಕ್ಕೆ ಸುತ್ತಿದರೆ ಕೆಳಗಿನಿಂದ ಹತ್ತಲಾರವು. ಹತ್ತಿರದ ಕೊಂಬೆಯಿಂದ ಹಾರದಂತೆ ಅದನ್ನೂ ಕಡಿಸಿ. ಆಮೇಲೂ ಡಿಶ್ ಅಲುಗಿದರೆ ಪೈಪಿನ ಮೇಲೆ, ಎತ್ತರದ ಪಟ್ಟಿಯ ಮೇಲೆ, ಎಲ್‌ಎನ್‌ಬಿಯ ಕುತ್ತಿಗೆಯ ಮೇಲೆ ನೀವು ಎಳೆದ ಗೆರೆಗಳಿವೆ. ಅವು ಮಳೆಗೆ ಅಳಿಸದಂತೆ ಪೇಂಟಿನಿಂದ ಒಮ್ಮೆ ತೀಡಿಡಿ. ಮುಂದಿನ ಸಲ ಗೆರೆಗೆ ಗೆರೆ ಸೇರಿಸಿ ಬಿಗಿದರೆ ಹುಡುಕಾಟವಿಲ್ಲದೆ ಚಂದನ ಮರಳಿ ಬರುತ್ತದೆ.